ಗ್ರೇಟರ್ ನೋಯ್ಡಾ ಸೈಟು ಮಾರಿ ಅರಮನೆಗೆ ಹೋದವರು

ಟೂರ್ ಆಫೀಸಿನಲ್ಲಿ ಕೆಲಸ ಮಾಡುವವರು ನಗೋದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಫೋನ್ ಮಾಡುತ್ತವೆ, ಇಲ್ಲವೇ ಮೆಟ್ಟಿಲು ಹತ್ತಿ ಬರುತ್ತವೆ. ಒಂಟೆ ಮೇಲೆ ಕೂತುಕೊಂಡು "ಇದನ್ನ ನಿಲ್ಲಿಸೋದು ಹೇಗೆ?" ಎಂದು ನನಗೆ ಫೋನ್ ಮಾಡಿದವರಿದ್ದಾರೆ. ಅಂಥವರನ್ನೆಲ್ಲ ಮರೆತಿದ್ದೇನೆ. ಮರೆಯದೆ ಉಳಿದಿರುವುದು ಒಂದೇ ಒಂದು ಜೋಡಿ. ದಿಲ್ಲಿಯ ಕನ್ನಡದವರು ಯಾರ ಮನೆಯಲ್ಲಾದರೂ ಊಟಕ್ಕೆ ಸೇರಿದಾಗ "ಆ ರಾಯರ ಕತೆ ಹೇಳೇ" ಅಂತಾರೆ. ಹೇಳುತ್ತೇನೆ. ಎಲ್ಲರೂ ನಗುತ್ತಾರೆ. ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ನೀರು ತರುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋಗಿರುತ್ತಾರೆ.

೧. ರಾಜರು ಮನೇಲಿರ್ತಾರಾ?

ಎರಡು ಸಾವಿರದ ದಶಕದ ಮಧ್ಯದ ಮಾತು. ನಮ್ಮ ಆಫೀಸು ಓಖ್ಲಾದಲ್ಲಿ, ಒಂದು ಗಾರ್ಮೆಂಟ್ ಘಟಕದ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಹೊಲಿಗೆ ಮೆಷಿನ್ನುಗಳ ಸದ್ದು, ಮೇಲೆ ನಾವು ವಿದೇಶದವರಿಗೆ ರಾಜಸ್ಥಾನದ ಅರಮನೆ ಹೋಟೆಲುಗಳನ್ನು ಬುಕ್ ಮಾಡುತ್ತಿದ್ದೆವು. ನಾನು ಮಾತ್ರ ಅಂಥ ಒಂದು ಅರಮನೆಯಲ್ಲೂ ಮಲಗಿದವಳಲ್ಲ.

ಒಂದು ದಿನ ವಯಸ್ಸಾದ ಗಂಡ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಗಂಡ ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು, ಲಕ್ಷ್ಮೀ ನಗರದಲ್ಲಿ ಬಾಡಿಗೆಗಿದ್ದರು. ಕಂಕುಳಲ್ಲಿ ದಾರ ಕಟ್ಟಿದ ಫೈಲು. ನನ್ನ ಹಿಂದಿ ಕೇಳಿದ ಕೂಡಲೇ ಆಕೆ, "ಕನ್ನಡದ ಹುಡುಗಿ ಅಲ್ಲವೇನೇ? ದಾವಣಗೆರೆ ಕಡೆಯವಳಾ?" ಅಂದುಬಿಟ್ಟರು. ಅಂದಿನಿಂದ ಆಕೆ ನನಗೆ ಅಮ್ಮ, ಆಕೆಯ ಗಂಡ ರಾಯರು.

ರಾಯರು ಫೈಲು ಬಿಚ್ಚಿ ನಂಬರ್ ಹಾಕಿಕೊಂಡು ಬಂದಿದ್ದ ಪ್ರಶ್ನೆಗಳನ್ನು ಓದಿದರು. "ಒಂದು, ಅರಮನೇಲಿ ಪಾಶ್ಚಾತ್ಯ ಪದ್ಧತಿಯ ಕಕ್ಕಸು ಇದೆಯಾ? ಇವಳಿಗೆ ಕೂತು ಏಳೋಕೆ ಆಗಲ್ಲ. ಎರಡು, ರಾಜರು ಮನೇಲಿರ್ತಾರಾ? ಮೂರು, ಇದ್ದರೆ ನಾವು ಎದ್ದು ನಿಲ್ಲಬೇಕಾ?"

ಇಷ್ಟು ದುಬಾರಿ ಪ್ರವಾಸ ಯಾಕೆ, ಆಗ್ರಾ ಮಥುರಾ ಸಾಲದೇ ಎಂದು ನಾನೇ ಕೇಳಿದೆ. ಅಮ್ಮ ಹೇಳಿದರು: "ಗ್ರೇಟರ್ ನೋಯ್ಡಾದಲ್ಲಿ ಒಂದು ಸೈಟಿತ್ತು. ಇಪ್ಪತ್ತು ವರ್ಷದಿಂದ ಇವರು ಕಾಗದದ ಮೇಲೆ ಮನೆ ಕಟ್ಟಿದ್ದೇ ಕಟ್ಟಿದ್ದು. ಮಕ್ಕಳಂತೂ ಇಲ್ಲ. ಮಾರಿಬಿಡಿ ಅಂದೆ. ನಾವಿನ್ನು ಕಟ್ಟಿಸೋದು ಯಾವಾಗ? ರಾಜರು ಕಟ್ಟಿಸಿ ಇಟ್ಟಿದ್ದಾರಲ್ಲ, ಹೋಗಿ ನಾಲ್ಕು ದಿನ ಇದ್ದು ಬರೋಣ."

ರಾಯರು ತಲೆ ಎತ್ತದೆ ಸೇರಿಸಿದರು, "ವಾಸ್ತು ಮಾತ್ರ ಹೇಗಿದೆ, ಬಾಗಿಲು ಯಾವ ದಿಕ್ಕಿಗಿದೆ ಅಂತ ವಿಚಾರಿಸಿ ಹೇಳಮ್ಮ."

೨. ಯಾವ ದೀಪಾವಳಿ?

ನಾನು ಜೈಪುರ, ಜೋಧಪುರ, ಉದಯಪುರ ಸೇರಿಸಿ ಒಂದು ಯೋಜನೆ ಬರೆದೆ. ನಮ್ಮಲ್ಲಿ ಒಂದು ಪದ್ಧತಿ: ಎಲ್ಲಕ್ಕಿಂತ ಭವ್ಯವಾದ ಅರಮನೆಯನ್ನು ಕೊನೆಗಿಡುವುದು, ಬಂದವರು ಅದೇ ನೆನಪಿನಲ್ಲಿ ಮನೆಗೆ ಹೋಗಲಿ ಅಂತ. ಹಾಗಾಗಿ ಉದಯಪುರದ ಸರೋವರದ ಅರಮನೆಯನ್ನು ಕೊನೆಗಿಟ್ಟಿದ್ದೆ. ರಾಯರು ಆ ಯೋಜನೆಯ ಅಂಚಿನಲ್ಲೆಲ್ಲ ಕೆಂಪು ಪೆನ್ನಿನಿಂದ ಟಿಪ್ಪಣಿ ಬರೆದು ತಂದಿದ್ದರು. ಅಮ್ಮನದು ಒಂದೇ ತಿದ್ದುಪಡಿ.

"ಆ ಸರೋವರದ ಅರಮನೇನ ಮೊದಲಿಗೆ ಹಾಕು."

"ಅಮ್ಮಾ, ಅದು ಕೊನೆಗಿದ್ದರೇ ಚೆನ್ನ."

"ಮೊದಲಿಗೇ ಇರಲಿ ಕಣೇ."

ನಾನು ದಡ್ಡಿ, ವಾದ ಮಾಡಿದೆ. ಆಮೇಲೆ ಫಾರಂ ತುಂಬುತ್ತ 'ಆರೋಗ್ಯದ ವಿಶೇಷ ಅಗತ್ಯಗಳು' ಎಂಬ ಕಾಲಂಗೆ ಬಂದೆ. "ಏನಾದರೂ ತೊಂದರೆ ಇದೆಯಾ ಸರ್?" ರಾಯರು ತಟ್ಟನೆ ಎದ್ದು, "ಇಲ್ಲಿ ಕುಡಿಯೋ ನೀರು ಎಲ್ಲಿ?" ಎಂದು ಹೊರಗೆ ಹೋದರು. ನೀರಿನ ಲೋಟ ಅವರ ಮುಂದೆಯೇ ಇತ್ತು.

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದರು. "ನನಗೆ ಹೊಟ್ಟೇಲಿ ಗಡ್ಡೆ. ಬೇರೆ ಕಡೆಗೂ ಹರಡಿದೆಯಂತೆ. ದೀಪಾವಳಿವರೆಗೆ ಅಂದಿದ್ದಾರೆ ಡಾಕ್ಟರು."

ಆಗ ಆಗಸ್ಟ್ ಮುಗಿಯುತ್ತ ಬಂದಿತ್ತು. ಅಮ್ಮನೇ ನನ್ನ ಕೈ ತಟ್ಟಿ ಸಮಾಧಾನ ಮಾಡಿದರು.

"ಮೂವತ್ತೈದು ವರ್ಷ ಫೈಲು ನೋಡಿದ ಮನುಷ್ಯ ಇವರು. ಒಂದು ತಾರೀಕು ಬಿಟ್ಟುಹೋಗಿದ್ದರೆ ವಾಪಸ್ ಕಳಿಸ್ತಿದ್ದರು. ಅವತ್ತು ಡಾಕ್ಟರ ಎದುರು ಸುಮ್ಮನೆ ಕೂತರು. ಯಾವ ವರ್ಷದ ದೀಪಾವಳಿ ಅಂತಾದರೂ ಕೇಳಬಾರದಾಗಿತ್ತಾ?"

೩. ಜೋಡಿ ಬಾತುಕೋಳಿ

ಸರೋವರ ಕಾಣುವ ಕೋಣೆಯೇ ಸಿಗಲಿ ಎಂದು ನಾನೊಂದು ಕಳ್ಳತನ ಮಾಡಿದೆ. ಬುಕಿಂಗ್ ಫಾರಂನಲ್ಲಿ 'ಹನಿಮೂನ್' ಎನ್ನುವ ಚೌಕದಲ್ಲಿ ಗುರುತು ಹಾಕಿಬಿಟ್ಟೆ. ಅವರಿಗೆ ಹೇಳಲಿಲ್ಲ.

ಉದಯಪುರ ತಲುಪಿದ ದಿನ ಮಧ್ಯಾಹ್ನ ರಾಯರ ಫೋನು. "ಏನಮ್ಮಾ ಇದು? ಹಾಸಿಗೆ ತುಂಬ ಗುಲಾಬಿ ಎಸಳು. ನಡುವೆ ಎರಡು ಬಾತುಕೋಳಿ, ಮುಖಕ್ಕೆ ಮುಖ ಹಚ್ಚಿಕೊಂಡು ಕೂತಿವೆ!"

"ಅದು ಟವೆಲ್ ಸರ್. ಹಂಸದ ಥರ ಮಡಚಿ ಇಟ್ಟಿರ್ತಾರೆ. ಬಿಚ್ಚಿ ಉಪಯೋಗಿಸಿ."

"ಗೊತ್ತಾಯ್ತು. ಇವಳು ಬಿಚ್ಚೋಕೆ ಬಿಡ್ತಿಲ್ಲ. ಜೊತೆಯಾಗಿವೆ, ಇರಲಿ ಅಂತಾಳೆ. ನಾನು ಸ್ನಾನ ಮಾಡಿ ಪಂಚೇಲಿ ಮುಖ ಒರೆಸಿಕೊಂಡಿದ್ದೀನಿ."

ಅಷ್ಟರಲ್ಲಿ ಮ್ಯಾನೇಜರು ಕೇಕು ಹಿಡಿದುಕೊಂಡು ಬಂದನಂತೆ. ನವದಂಪತಿಗಳನ್ನು ನೋಡಿ ಬಾಗಿಲಲ್ಲೇ ತಬ್ಬಿಬ್ಬಾಗಿ, ಏನು ಮಾತಾಡಬೇಕೋ ತಿಳಿಯದೆ, "ಮದುವೆ ಯಾವಾಗ ಆಯಿತು ಸರ್?" ಎಂದು ಕೇಳಿದನಂತೆ. ಸುಳ್ಳು ಹೇಳಿ ರೂಢಿಯಿಲ್ಲದ ರಾಯರು "ಮೂವತ್ತೆಂಟು ವರ್ಷದ ಹಿಂದೆ" ಅಂದರಂತೆ.

ಫೋನು ಅಮ್ಮನ ಕೈಗೆ ಹೋಯಿತು. ನಾನು ಕ್ಷಮೆ ಕೇಳಿದೆ. "ಯಾಕೆ ಕೇಳ್ತೀ? ಮದುವೆಯಾದ ಮೂರನೇ ದಿನಕ್ಕೆ ಇವರ ರಜಾ ಮುಗಿದಿತ್ತು. ರೈಲಿನಲ್ಲಿ ನಮ್ಮ ಡಬ್ಬಿ ತುಂಬ ಕುಸ್ತಿ ಪೈಲ್ವಾನರು. ದಿಲ್ಲಿವರೆಗೂ ಇವರು ಅವರ ಜೊತೆ ಇಸ್ಪೀಟು ಆಡಿದರು. ಈಗ ನೋಡು, ಎಸಳು ಗುಡಿಸೋದು ಹೇಗೆ ಅಂತ ಯೋಚನೆ ಮಾಡ್ತಾ ಕಿಟಕಿ ಹತ್ತಿರ ನಿಂತಿದ್ದಾರೆ. ಕಿವಿಯೆಲ್ಲ ಕೆಂಪಾಗಿದೆ ಕಣೇ. ಮೂವತ್ತೆಂಟು ವರ್ಷ ಲೇಟಾಗಿ ನಾಚ್ಕೊಳ್ತಿದ್ದಾರೆ."

೪. ಸಾರಿನ ಮಹಾರಾಜ

ಜೋಧಪುರದಲ್ಲಿ ಅಮ್ಮನಿಗೆ ಏನೂ ಸೇರಲಿಲ್ಲ. ಬೆಳ್ಳಿ ತಟ್ಟೆಯಲ್ಲಿ ಹನ್ನೆರಡು ಬಗೆ ತಂದಿಟ್ಟರೂ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಮೆತ್ತಗಿನ ಅನ್ನ, ತಿಳಿಸಾರು ಇದ್ದರೆ ನಾಲ್ಕು ತುತ್ತು ತಿಂದೇನು ಅಂದರು. ಜೀವಮಾನದಲ್ಲಿ ಕಾಫಿಗೆ ನೀರೂ ಇಡದ ರಾಯರು ಅರಮನೆಯ ಅಡುಗೆಮನೆಗೆ ನುಗ್ಗಿ, ಉದ್ದ ಟೋಪಿಯ ಬಾಣಸಿಗನ ಕಿವಿಗೆ ಮೊಬೈಲ್ ಹಿಡಿದರು. ಇತ್ತ ಓಖ್ಲಾದಿಂದ ನಾನು ಹಿಂದಿಯಲ್ಲಿ ಸಾರು ಹೇಳಿಕೊಟ್ಟೆ.

"ಬೇಳೆ ಬೆಂದ ನೀರು ಮಾತ್ರ ಸಾಕು ಭಯ್ಯಾ! ನೊರೆ ಬಂದ ಕೂಡಲೇ ಇಳಿಸಿ! ಕುದಿಸಿದರೆ ಎಲ್ಲಾ ಹಾಳು!"

ಹಿಂದೆ ನಿಂತಿದ್ದ ನಮ್ಮ ಆಫೀಸಿನ ಯಜಮಾನರು ಗಾಬರಿಯಾಗಿ, "ಯಾವ ಹೋಟೆಲಿನ ಬಾಯ್ಲರ್ ಸಿಡಿಯಿತು?" ಎಂದು ಕೇಳಿದರು.

ಬಾಣಸಿಗ ಎಲ್ಲವನ್ನೂ ಹೇಳಿದ ಹಾಗೇ ಮಾಡಿದನಂತೆ. ಆದರೆ ಕೊನೆಗೆ ಇಷ್ಟು ಬಡವಾದ ಪದಾರ್ಥವನ್ನು ಅತಿಥಿಗೆ ಹೇಗೆ ಕಳಿಸುವುದು ಎಂದು ಸಂಕಟವಾಗಿ, ಮೇಲೊಂದಿಷ್ಟು ಕೆನೆ, ಗೋಡಂಬಿ, ಕೇಸರಿ ಹಾಕಿದ. ಅಮ್ಮ ಒಂದು ಚಮಚ ಬಾಯಿಗಿಟ್ಟು, "ಸಾರಲ್ಲ ಇದು, ಸಾರಿನ ಮಹಾರಾಜ. ಎದ್ದು ನಿಂತು ನಮಸ್ಕಾರ ಮಾಡಬೇಕು" ಎಂದು ಪಕ್ಕಕ್ಕಿಟ್ಟರು.

ಮರುದಿನ ರಾಯರೇ ಸೌಟು ಹಿಡಿದರು. ನಾನು ಹೇಳಿದ್ದನ್ನು ಹೋಟೆಲಿನ ಚಿನ್ನದ ಲಾಂಛನದ ಕಾಗದದ ಮೇಲೆ ಕ್ರಮಸಂಖ್ಯೆ ಹಾಕಿ ಬರೆದುಕೊಂಡು, ಒಂದೊಂದಕ್ಕೂ ಗುರುತು ಹಾಕುತ್ತ ಮಾಡಿದರಂತೆ. ಅಮ್ಮ ಬಟ್ಟಲು ಪೂರ್ತಿ ಕುಡಿದರು. ಹೇಗಿತ್ತು ಎಂದು ಫೋನಿನಲ್ಲಿ ಕೇಳಿದೆ.

ಅಮ್ಮ ದನಿ ತಗ್ಗಿಸಿ ಪಿಸುಗುಟ್ಟಿದರು. "ಉಪ್ಪು ಹಾಕಿಲ್ಲ ಕಣೇ. ಹೇಳಬೇಡ. ಪಟ್ಟೀಲಿ ಎಂಟನೇ ನಂಬರು ಉಪ್ಪು, ಅದಕ್ಕೂ ಗುರುತು ಹಾಕಿದ್ದಾರೆ."

೫. ಸೀರೆ ಅಂಗಡಿ

ಜೈಪುರಕ್ಕೆ ಹೋಗಲಾಗಲಿಲ್ಲ. ಜೋಧಪುರದಲ್ಲೇ ನೋವು ಹೆಚ್ಚಾಗಿ ಕಾರಿನಲ್ಲಿ ದಿಲ್ಲಿಗೆ ಕರೆತಂದರು. ಅಮ್ಮ ದೀಪಾವಳಿಗೆ ಒಂಬತ್ತು ದಿನ ಮೊದಲು ಹೋದರು. ನಾನು ನಿಗಮಬೋಧ ಘಾಟಿನ ಸ್ಮಶಾನಕ್ಕೆ ಹೋಗಿದ್ದೆ. ರಾಯರು ಅಲ್ಲಿನ ರಸೀದಿಯನ್ನು ಎರಡು ಸಲ ಓದಿ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದೆ, ಸರಿಮಾಡಿಕೊಡಿ ಎಂದು ಕೇಳುತ್ತಿದ್ದರು.

ಡಿಸೆಂಬರಿನಲ್ಲಿ ಆಫೀಸಿಗೆ ಬಂದರು. "ಜೈಪುರದ್ದು ಬಾಕಿ ಇದೆಯಲ್ಲ. ವ್ಯರ್ಥ ಮಾಡಬೇಡಿ, ಹೋಗಿ ಬನ್ನಿ ಅಂತ ಹೇಳಿ ಹೋಗಿದ್ದಾಳೆ." ಹೊಸ ತಾರೀಕು ಹಾಕಿಸಿಕೊಟ್ಟೆ. ಹೋಟೆಲಿಗೆ ಒಬ್ಬರೇ ಎಂದು ಬರೆಯಬೇಕಿತ್ತು. ಕಂಪ್ಯೂಟರಿನಲ್ಲಿ ಅಮ್ಮನ ಹೆಸರಿನ ಮೇಲೆ ಬೆರಳಿಟ್ಟು ಕೂತೆ, ಅಳಿಸಲಾಗಲಿಲ್ಲ. ಹಾಗೇ ಕಳಿಸಿಬಿಟ್ಟೆ. ಅದರಿಂದ ಏನಾಯಿತೆಂದು ಅವರೇ ಬಂದು ಹೇಳಿದರು.

"ಬೆಳಿಗ್ಗೆ ತಿಂಡಿಗೆ ಹೋದೆ ಕಣಮ್ಮ. ನವಿಲುಗಳು ಓಡಾಡೋ ಅಂಗಳ. ಇಬ್ಬರಿಗೆ ಅಂತ ತಟ್ಟೆ ಹಾಕಿದ್ದರು. ದೊಡ್ಡ ಮೀಸೆ, ಕೆಂಪು ಪೇಟ, ನನ್ನಷ್ಟೇ ವಯಸ್ಸಿನ ಸಪ್ಲೈಯರು. ಎರಡು ದೋಸೆ ತಂದಿಟ್ಟು, 'ಮೇಡಮ್ ಎಲ್ಲಿ ಸಾಬ್?' ಅಂದ. ಇಲ್ಲ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಬಜಾರಿಗೆ ಹೋಗಿದ್ದಾಳೆ, ಸೀರೆ ತಗೊಳ್ಳೋಕೆ ಅಂದುಬಿಟ್ಟೆ."

"ಆಮೇಲೆ?"

"ಬೆಳಿಗ್ಗೆ ಎಂಟು ಗಂಟೆ. ಆ ಹೊತ್ತಿಗೆ ಯಾವ ಸೀರೆ ಅಂಗಡಿ ತೆಗೆದಿರುತ್ತೆ? ಅವನು ನನ್ನ ಮುಖ ನೋಡಿದ, ಖಾಲಿ ಕುರ್ಚಿ ನೋಡಿದ. ಅರ್ಥವಾಯ್ತು ಅವನಿಗೆ. 'ಅಚ್ಛಾ, ಹಾಗಾದರೆ ಆರಾಮಾಗಿ ತಿನ್ನಿ ಸಾಬ್. ನಮ್ಮನೆಯವಳೂ ಸೀರೆ ಅಂಗಡಿಗೇ ಹೋಗಿದ್ದಾಳೆ' ಅಂದ. ಯಾವಾಗ ಹೋದರಪ್ಪ ಅಂತ ಕೇಳಿದೆ. 'ಆರು ವರ್ಷ ಆಯ್ತು ಸಾಬ್. ಇನ್ನೂ ಬಣ್ಣ ಒಪ್ಪಿಗೆಯಾಗಿಲ್ಲ.'"

ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಬ್ಬರೂ ನಕ್ಕೆವು ಕಣಮ್ಮ. ಪಕ್ಕದ ಮೇಜಿನ ವಿದೇಶದವರು ಹೆದರಿ ತಿರುಗಿ ನೋಡೋ ಹಾಗೆ ನಕ್ಕೆವು. ಅವನು ಹೆಗಲ ಮೇಲಿನ ಬಟ್ಟೇಲಿ ಕಣ್ಣು ಒರೆಸಿಕೊಂಡು, ನನಗೂ ಅದನ್ನೇ ಕೊಟ್ಟ. ಆಮೇಲೆ ಎರಡನೇ ತಟ್ಟೇನ ನನ್ನ ಕಡೆ ಸರಿಸಿ, 'ಅವರದ್ದೂ ನೀವೇ ತಿಂದುಬಿಡಿ ಸಾಬ್. ಬಂದಮೇಲೆ ಕೇಳಿದರೆ ಬೆಕ್ಕು ತಿಂತು ಅಂತ ನಾನು ಹೇಳ್ತೀನಿ' ಅಂದ."