ಟೆರೇಸಿನ ಮೀನು, ಹಿಂಬಾಗಿಲ ವ್ಯಾಪಾರ

ಕುಂಬ್ರದ ಪೋಕರ್ ಹಾಜಿಯವರಿಗೆ ತಮ್ಮ ಸ್ವಂತ ಮನೆಯಲ್ಲಿ ಮಾಡಲಿಕ್ಕೆ ಒಂದೇ ಒಂದು ಕೆಲಸವೂ ಇರಲಿಲ್ಲ. ಇದನ್ನು ಕೇಳಿದವರೆಲ್ಲ ‘ಪುಣ್ಯವಂತರು’ ಎನ್ನುತ್ತಿದ್ದರು. ಹಾಗೆ ಎನ್ನುವವರನ್ನು ಹಿಡಿದು ತಂದು ಒಂದು ವಾರ ಆ ಮನೆಯ ಎದುರಿನ ಸಿಟೌಟಿನಲ್ಲಿ ಸುಮ್ಮನೆ ಕೂರಿಸಬೇಕಿತ್ತು.

ದಮ್ಮಾಮಿನ ದೊಡ್ಡ ಅಂಗಡಿಯೊಂದರ ತರಕಾರಿ ವಿಭಾಗದಲ್ಲಿ ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದು, ಹಾಜಿಯವರು ಊರಿಗೆ ಬಂದು ನೆಲೆಸಿದ್ದರು. ಅಲ್ಲಿ ಯಾವ ಟೊಮೆಟೊ ಎದುರಿನ ಸಾಲಿನಲ್ಲಿ ಕೂರಬೇಕು, ಯಾವುದು ಹಿಂದೆ ಅಡಗಬೇಕು ಎಂಬುದು ಅವರ ಅಪ್ಪಣೆಯಂತೆ ನಡೆಯುತ್ತಿತ್ತು. ಇಲ್ಲಿ ಟೊಮೆಟೊ ಕೂಡ ಅವರ ಮಾತು ಕೇಳುವಂತಿರಲಿಲ್ಲ. ಅವರು ಗಲ್ಫಿನಲ್ಲಿದ್ದಷ್ಟು ಕಾಲ ಹೆಂಡತಿ ಸುಹರಾ ಒಬ್ಬಳೇ ಮನೆ ಕಟ್ಟಿಸಿ, ಮಗಳನ್ನು ಓದಿಸಿ, ಬಾವಿಯ ಪಂಪನ್ನು ಎರಡು ಸಲ ರಿಪೇರಿ ಮಾಡಿಸಿ ರಾಜ್ಯಭಾರ ನಡೆಸಿದ್ದಳು. ಗ್ಯಾಸಿನವ, ಕರೆಂಟಿನವ, ತೆಂಗಿನಕಾಯಿ ತೆಗೆಯುವವ, ಸ್ಕೂಟರಿನಲ್ಲಿ ಮೀನು ತರುವ ಮೊಯ್ದಿನಬ್ಬ, ಎಲ್ಲರ ನಂಬರೂ ಅವಳ ಫೋನಿನಲ್ಲಿ, ಎಲ್ಲರ ಗುಣವೂ ಅವಳ ತಲೆಯಲ್ಲಿ. ಹಾಜಿಯವರು ಒಂದು ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ, "ನೀವು ಇಳಿಯಿರಿ, ಅದು ನಿಮಗೆ ಗೊತ್ತಾಗ್ಲಿಕ್ಕಿಲ್ಲ" ಎಂಬ ಮಾತು ಕೆಳಗಿನಿಂದ ಬರುತ್ತಿತ್ತು.

ಮರ್ಯಾದೆಗೇನೂ ಕೊರತೆ ಇರಲಿಲ್ಲ. ಮೀನಿನ ನಡುತುಂಡು ಅವರಿಗೆ, ಹೊಸ ಟವೆಲು ಅವರಿಗೆ, ಚಾದ ಮೊದಲ ಲೋಟ ಅವರಿಗೆ. ಹಿಂದೆ ರಜೆಗೆ ಬಂದಾಗಲೂ ಹೀಗೇ ಇತ್ತು, ಆಗ ಅದು ಬಹಳ ರುಚಿಸುತ್ತಿತ್ತು. ರಜೆ ಮುಗಿಯದೇ ಹೋದಾಗ ಅದೇ ಮರ್ಯಾದೆ ಗಂಟಲಲ್ಲಿ ಸಿಕ್ಕಿಕೊಂಡಿತು. ನಡುತುಂಡು ತಿನ್ನುತ್ತಾ ತಿನ್ನುತ್ತಾ ಅವರಿಗೆ ಒಂದು ದಿನ ಹೊಳೆಯಿತು: ತಾನು ಈ ಮನೆಯ ಯಜಮಾನನಲ್ಲ, ನೆಂಟ. ಅದು ತಿಳಿದ ಮೇಲೆ ಅವರಿಗೆ ಬಹಳ ಬೇಸರವಾಯಿತು. ತನ್ನ ಕೈಯಿಂದ ಈ ಮನೆಗೆ ಏನಾದರೂ ಬರಬೇಕು, ಸುಹರಾ ಒಂದು ಸಲವಾದರೂ ಅದನ್ನು ಬೇಕೆಂದು ಕೇಳಬೇಕು ಎಂಬ ಆಸೆ ಹುಟ್ಟಿದ್ದು ಆಗಲೇ.

ಮಾರ್ಗ ತೋರಿಸಿದ್ದು ಮೊಬೈಲು. ಅದರಲ್ಲಿ ಮಲಯಾಳಿ ಒಬ್ಬ ತನ್ನ ಟೆರೇಸಿನಲ್ಲಿ ನಿಂತು ಅಕ್ವಾಪೋನಿಕ್ಸ್ ಎಂಬ ವಿದ್ಯೆಯನ್ನು ವಿವರಿಸುತ್ತಿದ್ದ. ಡ್ರಮ್ಮಿನಲ್ಲಿ ಮೀನು. ಮೀನು ಗಲೀಜು ಮಾಡುತ್ತದೆ (ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ). ಆ ನೀರನ್ನು ಪಂಪು ಎತ್ತಿ ಪಕ್ಕದ ಜಲ್ಲಿಯ ತೊಟ್ಟಿಗೆ ಸುರಿಯುತ್ತದೆ. ಜಲ್ಲಿಯಲ್ಲಿ ನೆಟ್ಟ ಗಿಡ ಗಲೀಜನ್ನು ಉಂಡು ಬೆಳೆಯುತ್ತದೆ, ಶುದ್ಧವಾದ ನೀರು ಮರಳಿ ಮೀನಿಗೆ ಬರುತ್ತದೆ. ಮಣ್ಣು ಬೇಡ, ಗೊಬ್ಬರ ಬೇಡ.

"ಮೀನೂ ನಮ್ಮದೇ, ತರಕಾರಿಯೂ ನಮ್ಮದೇ," ಎಂದರು ಹಾಜಿಯವರು.

"ಗಲೀಜೂ ನಮ್ಮದೇ," ಎಂದಳು ಸುಹರಾ.

"ಅದೇ ಅಲ್ವಾ ಗೊಬ್ಬರ?"

"ಅದನ್ನು ತೊಳೆಯುದು ಯಾರು?"

"ಯಾರೂ ಬೇಡ. ಎಲ್ಲ ಅದರಷ್ಟಕ್ಕೇ ಆಗ್ತದೆ."

"ಅದರಷ್ಟಕ್ಕೇ ಆಗುದಾದ್ರೆ ಮತ್ತೆ ನೀವು ಎಂತಕೆ?"

ಈ ಪ್ರಶ್ನೆಗೆ ಉತ್ತರ ಆ ಮಲಯಾಳಿಯ ವೀಡಿಯೊದಲ್ಲಿ ಇರಲಿಲ್ಲ. ಹಾಜಿಯವರು ಡ್ರಮ್ಮು ಹುಡುಕಲು ಹೊರಟರು.

ನಮ್ಮ ಕಡೆ ನೀಲಿ ಡ್ರಮ್ಮಿಗೆ ಬರವೇ? ಕಾಣಿಯೂರಿನ ದುಗ್ಗಪ್ಪ, ಹಾಜಿಯವರ ಹೈಸ್ಕೂಲಿನ ಗೆಳೆಯ. ಕೇಳಿದ ಕೂಡಲೇ ಎರಡು ಡ್ರಮ್ಮನ್ನು ಪಿಕಪ್ಪಿಗೆ ಹಾಕಿ ಕಳಿಸಿದರು. ಹಾಜಿಯವರು ಅವುಗಳನ್ನು ಸಾಬೂನು ಹಾಕಿ ತಿಕ್ಕಿದರು, ಬಿಸಿಲಿಗೆ ಒಣಗಿಸಿದರು, ಬಾವಿ ನೀರು ತುಂಬಿಸಿದರು. ತಿಲಾಪಿಯಾ ಮರಿಗಳನ್ನು ತಂದು ಬಿಸ್ಮಿಲ್ಲಾ ಹೇಳಿ ಬಿಟ್ಟರು. ಮರುದಿನ ಬೆಳಿಗ್ಗೆ ಸುಬಹಿ ನಮಾಜು ಮುಗಿಸಿ ಮೇಲೆ ಹತ್ತಿ ನೋಡಿದರೆ, ಇಡೀ ಸಂಸಾರ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ದುಗ್ಗಪ್ಪನವರಿಗೆ ಫೋನು ಹೋಯಿತು.

"ಮೀನು ಸಾಕ್ಲಿಕ್ಕೆ ಅಂತ ನೀವು ಹೇಳ್ಲೇ ಇಲ್ಲ ಮಾರಾಯ್ರೆ," ಎಂದರು ದುಗ್ಗಪ್ಪ. "ಅದು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಡ್ರಮ್ಮು. ವರ್ಷಾನುಗಟ್ಟಲೆ ಮೈಲುತುತ್ತು ಕರಗಿಸಿದ್ದು. ಅದು ತೊಳೆದ್ರೆ ಹೋಗುದಾ? ಮೀನಿಗೆ ಅದು ವಿಷ ಅಲ್ವಾ?"

ಗಲ್ಫಿನಲ್ಲಿ ಕಳೆದ ಕಾಲ ಮನುಷ್ಯನಿಗೆ ತನ್ನ ಊರಿನ ಡ್ರಮ್ಮಿನ ಚರಿತ್ರೆಯನ್ನೇ ಮರೆಸಿಬಿಡುತ್ತದೆ. ಸತ್ತ ಮರಿಗಳನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದ ಗಂಡನನ್ನು ನೋಡಿ ಸುಹರಾ ಸಮಾಧಾನದ ಧ್ವನಿಯಲ್ಲಿಯೇ ಹೇಳಿದಳು: "ಹೋಗ್ಲಿ ಬಿಡಿ. ಇನ್ನು ಅವಕ್ಕೆ ಕೊಳೆರೋಗ ಅಂತೂ ಬರುದಿಲ್ಲ."

ಎರಡನೆಯ ಸಲ ಹೊಸ ಡ್ರಮ್ಮುಗಳೇ ಬಂದವು, ಹೊಸ ಮರಿಗಳೂ ಬಂದವು. ಈ ಮರಿಗಳು ಬದುಕಿದವು. ಬದುಕಿದ್ದೇ ತಾಪತ್ರಯಕ್ಕೆ ಮೂಲವಾಯಿತು. ಬೇಸಿಗೆ ಬಂತು, ಮಧ್ಯಾಹ್ನದ ಬಿಸಿಲಿಗೆ ಡ್ರಮ್ಮಿನ ನೀರು ಚಾ ಮಾಡಲಿಕ್ಕೆ ಇಟ್ಟ ಹಾಗೆ ಬೆಚ್ಚಗಾಗುತ್ತಿತ್ತು. ಹಾಜಿಯವರು ಹಸಿರು ಬಲೆ ಕಟ್ಟಿದರು, ಡ್ರಮ್ಮಿನ ಸುತ್ತ ಒದ್ದೆ ಗೋಣಿ ಸುತ್ತಿದರು, ದಿನಕ್ಕೆ ಎರಡು ಹೊತ್ತು ಅದನ್ನು ನೆನೆಸಿದರು. ಬೆಚ್ಚಗಿನ ನೀರಿನಲ್ಲಿ ಗಾಳಿ ನಿಲ್ಲುವುದಿಲ್ಲವಂತೆ. ಪಂಪು ನಿಂತರೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗುತ್ತವೆ. ಪಂಪು ಆಗಾಗ ನಿಲ್ಲುತ್ತಿತ್ತು, ಏಕೆಂದರೆ ಕರೆಂಟು ಆಗಾಗ ಹೋಗುತ್ತಿತ್ತು.

ಮನೆಯಲ್ಲಿ ಇನ್ವರ್ಟರ್ ಇತ್ತು. ಅದರಿಂದ ಒಂದು ವಯರು ಕಿಟಕಿಯ ಮೂಲಕ ಟೆರೇಸಿಗೆ ಏರಿದ್ದು ಸುಹರಾಗೆ ತಿಳಿದದ್ದು, ಸೆಕೆಯ ಒಂದು ಮಧ್ಯಾಹ್ನ ಕರೆಂಟು ಹೋಗಿ, ಬೆಡ್‌ರೂಮಿನ ಫ್ಯಾನು ನಾಲ್ಕು ಸುತ್ತು ತಿರುಗಿ ಕಣ್ಣು ಮುಚ್ಚಿದಾಗ.

"ಫ್ಯಾನಿಗೆ ಎಂತ ಆಯ್ತು?"

"ಬ್ಯಾಟರಿ ಸ್ವಲ್ಪ ವೀಕ್ ಉಂಟು. ಎರಡೂ ಎಳೆಯುದಿಲ್ಲ."

"ಎರಡು ಅಂದ್ರೆ?"

"ಒಂದು ನಾವು, ಮತ್ತೊಂದು..." ಹಾಜಿಯವರು ಬೆರಳನ್ನು ಮೇಲೆ ಮಾಡಿ ತೋರಿಸಿದರು. (ಅದು ದೇವರನ್ನು ತೋರಿಸಿದ್ದಲ್ಲ ಎಂದು ಸುಹರಾಗೆ ಕೂಡಲೇ ಅರ್ಥವಾಯಿತು.) "ನಮಗೆ ಬೀಸಣಿಗೆ ಹಿಡ್ಕೊಳ್ಳಿಕ್ಕೆ ಕೈ ಉಂಟಲ್ವಾ. ಅವಕ್ಕೆ ಎಂತ ಉಂಟು?"

ಹೀಗೆ ಆ ಬೇಸಿಗೆ ಮೀನುಗಳು ಉಸಿರಾಡಿದವು, ಗಂಡಹೆಂಡತಿ ಬೆವರಿದರು. ಜಲ್ಲಿಯಲ್ಲಿ ಪುದೀನ ಪೊದೆಯಾಗಿ ಎದ್ದಿತು, ಬಸಳೆ ಬಲೆಯನ್ನು ಹಿಡಿದು ಹತ್ತಿತು, ಮೀನುಗಳು ಅಂಗೈಯಗಲ ಬೆಳೆದವು. ಪುದೀನವನ್ನು ಸುಹರಾ, ಗಂಡ ಮಸೀದಿಗೆ ಹೋದ ಹೊತ್ತು ನೋಡಿ ಕೊಯ್ಯುತ್ತಿದ್ದಳು. ಮೀನಿನ ವಿಷಯಕ್ಕೆ ಬಂದರೆ ಮಾತ್ರ ಅವಳದು ಒಂದೇ ತೀರ್ಪು.

"ಉಪ್ಪು ನೀರು ಕಾಣದ ಮೀನು ಅದೆಂತ ಮೀನು? ಕೆಸರು ವಾಸನೆ ಬರ್ತದೆ."

"ಕೆಸರೇ ಇಲ್ಲ, ಮತ್ತೆ ವಾಸನೆ ಎಲ್ಲಿಂದ ಬರುದು? ಜಲ್ಲಿಯಲ್ಲಿ ಸೋಸಿದ ನೀರು."

"ಬಂಗುಡೆ ತಿಂದ ಬಾಯಿಗೆ ಅದು ಹೋಗುದಿಲ್ಲ."

ಕರಾವಳಿಯ ನಾಲಗೆಯ ಎದುರು ವಿಜ್ಞಾನ ನಿಲ್ಲುವುದಿಲ್ಲ. ಹಾಜಿಯವರು ದಿನಾ ಸಂಜೆ ಡ್ರಮ್ಮಿನ ಬದಿಯಲ್ಲಿ ಕುಳಿತು ಹಿಂಡಿ ಹಾಕುತ್ತಾ ಮೀನುಗಳನ್ನು ನೋಡುತ್ತಿದ್ದರು. ಹೊಟ್ಟೆ ತುಂಬ ಊಟ, ತಂಪು ನೆರಳು, ತಪ್ಪದ ಉಪಚಾರ, ಆದರೂ ಯಾರಿಗೂ ಬೇಡ. ಅವುಗಳ ಮೇಲೆ ಅವರಿಗೆ ಅಷ್ಟು ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಜೂನ್ ತಿಂಗಳ ಮೊದಲ ವಾರ ಹೊಸ ಅಳಿಯ ಹಿಶಾಮ್ ಎರಡು ದಿನ ಉಳಿಯಲು ಬರುವವನಿದ್ದ. ಮಗಳು ಜುಮಾನಾಳ ಮದುವೆ ಆಗಷ್ಟೇ ಆಗಿತ್ತು. ಹೊಸ ಅಳಿಯ ಮನೆಗೆ ಬಂದನೆಂದರೆ ಮೇಜಿನ ಮರ ಕಾಣಬಾರದು, ಅಷ್ಟು ಪಾತ್ರೆ ಇರಬೇಕು. ಏನಾದರೂ ಕಡಿಮೆಯಾದರೆ ಸುದ್ದಿ ಅಳಿಯನಿಗಿಂತ ಮೊದಲು ಅವನ ಮನೆ ತಲುಪುತ್ತದೆ. ಅದರಲ್ಲೂ ಹಿಶಾಮ್ ದುಬೈಯಲ್ಲಿ ಕೋಳಿ ತಿಂದು ತಿಂದು ಬೇಸತ್ತವನು; ತನಗೆ ಊರಿನ ತಾಜಾ ಮೀನು ಇದ್ದರೆ ಸಾಕು ಎಂದು ಜುಮಾನಾಳ ಹತ್ತಿರ ಹೇಳಿ ಕಳಿಸಿದ್ದ.

ಆದರೆ ಜೂನ್ ಬಂತೆಂದರೆ ಮಳೆಗಾಲದ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳು ದಡ ಸೇರುತ್ತವೆ, ಕಡಲಿಗೆ ರಜೆ. ಅಳಿಯ ಬರುವುದರ ಹಿಂದಿನ ದಿನ ಮೊಯ್ದಿನಬ್ಬ ಹಾರ್ನು ಹೊಡೆದು ಪೆಟ್ಟಿಗೆ ತೆರೆದ. ಸುಹರಾ ಒಂದು ಬಂಗುಡೆಯ ಕಿವಿರು ಎತ್ತಿ ನೋಡಿದಳು. ಆ ಬಂಗುಡೆ ತನ್ನ ಜೀವಮಾನದ ಹೆಚ್ಚಿನ ಭಾಗವನ್ನು ಐಸಿನಲ್ಲಿ ಕಳೆದಿತ್ತು.

"ಇದನ್ನು ಅಳಿಯನಿಗೆ ಹಾಕುದಾ ಮೊಯ್ದಿನಬ್ಬ?"

"ನಾನು ಎಂತ ಮಾಡುದು? ಕಡಲನ್ನೇ ಬಂದ್ ಮಾಡಿದ್ದಾರೆ."

ಸುಹರಾ ಬಹಳ ಹೊತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದಳು. ಆಮೇಲೆ ಟೆರೇಸಿನ ಮೆಟ್ಟಿಲು ಹತ್ತಿ ಬಂದು ಡ್ರಮ್ಮಿನೊಳಗೆ ಇಣುಕಿದಳು.

"ಕೇಳಿದ್ರಾ? ನಿಮ್ಮ ಮೀನು ಸ್ವಲ್ಪ ಬೇಕಿತ್ತು."

ಹಾಜಿಯವರ ಕೈಯಲ್ಲಿದ್ದ ಹಿಂಡಿ ಅಲ್ಲಿಯೇ ನಿಂತಿತು. ಈ ಒಂದು ಮಾತಿಗೆ ಅವರು ಕಾದ ಕಾಲ ಸಣ್ಣದಲ್ಲ. "ಇವತ್ತು ತೆಗೀಲಿಕ್ಕೆ ಆಗುದಿಲ್ಲ," ಎಂದರು ತಜ್ಞರ ಗಾಂಭೀರ್ಯದಿಂದ. "ಒಂದು ದಿನ ಹೊಸ ನೀರಲ್ಲಿ ಬಿಟ್ಟು ಹೊಟ್ಟೆ ಖಾಲಿ ಮಾಡಿಸ್ಬೇಕು. ಆಗ ವಾಸನೆ ಇರುದಿಲ್ಲ." ದೊಡ್ಡ ಮೀನುಗಳನ್ನು ಆರಿಸಿ ಒಂದು ಟಬ್ಬಿಗೆ ಹಾಕಿ, ಗಾಳಿಯ ಪೈಪನ್ನು ಅದರೊಳಗೆ ಇಳಿಬಿಟ್ಟು, ಅವುಗಳಿಗೆ ಒಂದು ದಿನ ಉಪವಾಸದ ನೋಂಬು ಹಿಡಿಸಿದರು.

ಮರುದಿನ ರಾತ್ರಿಯೂಟಕ್ಕೆ ಮೀನು ಮೇಜಿಗೆ ಬಂತು. ಸುಹರಾ ಅದಕ್ಕೆ ಹುಣಸೆಹುಳಿ ಉಪ್ಪು ಉಜ್ಜಿ, ಮಸಾಲೆಯಲ್ಲಿ ಅದ್ದಿ, ಕರಿಬೇವಿನ ಸೊಪ್ಪು ಹಾಕಿ ಎಣ್ಣೆಯಲ್ಲಿ ಕಾಯಿಸಿದ್ದಳು. ಹಿಶಾಮ್ ಒಂದು ತಿಂದ. ಕೇಳದೆ ಎರಡನೆಯದನ್ನು ತೆಗೆದುಕೊಂಡ. ಹಾಜಿಯವರು ತಮ್ಮ ತಟ್ಟೆ ಮರೆತು ಅಳಿಯನ ಬಾಯನ್ನೇ ನೋಡುತ್ತಿದ್ದರು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಯೂ ಆಗಿತ್ತು.

"ಮಾಮೀ, ಭಾರೀ ತಾಜಾ ಉಂಟು. ಈಗ ಇಂಥ ಮೀನು ಎಲ್ಲಿ ಸಿಕ್ಕಿತು ನಿಮಗೆ?" ಎಂದ ಹಿಶಾಮ್.

ಹಾಜಿಯವರು ಬಾಯಿ ತೆರೆದರು. ಸುಹರಾ ಅವರಿಗಿಂತ ಬೇಗ ತೆರೆದಳು.

"ನಾಡದೋಣಿಯದ್ದು, ಅವಕ್ಕೆ ಬಂದ್ ಇಲ್ಲ. ಪರಿಚಯದವ ಒಬ್ಬ ಉಂಟು, ಅವ ತಂದು ಕೊಡುದು."

ಜುಮಾನಾ ತಟ್ಟೆಯ ಮೇಲೆ ಬಗ್ಗಿ ಕೆಮ್ಮಿದಳು. ಹೊಸ ಅಳಿಯನಿಗೆ ಡ್ರಮ್ಮಿನ ಮೀನು ಬಡಿಸಿದರು ಎಂಬ ಮಾತು ಹೊರಗೆ ಹೋದರೆ ಈ ಮನೆಯ ಮಾನ ಪುತ್ತೂರಿನವರೆಗೆ ಹರಾಜಾಗುತ್ತದೆ. ಹಾಜಿಯವರಿಗೆ ಅದು ತಿಳಿಯದ ವಿಷಯವಲ್ಲ. ತೆರೆದ ಬಾಯಿಗೆ ಒಂದು ತುತ್ತು ತುಂಬಿಸಿ ಮುಚ್ಚಿಕೊಂಡರು.

"ಮಾಮ, ನೀವೂ ಮೇಲೆ ಮೀನು ಸಾಕಿದ್ದೀರಂತೆ, ಜುಮಾನಾ ಹೇಳಿದ್ಲು," ಎಂದ ಹಿಶಾಮ್ ವಿನಯದಿಂದ. "ಒಳ್ಳೆಯದು. ಹೊತ್ತು ಹೋಗ್ತದೆ. ಅದು ನೋಡ್ಲಿಕ್ಕೆ ಮಾತ್ರ ಅಲ್ವಾ? ತಿನ್ಲಿಕ್ಕೆ ಆಗ್ಲಿಕ್ಕಿಲ್ಲ."

"ಹ್ಞೂಂ. ನೋಡ್ಲಿಕ್ಕೆ," ಎಂದರು ಹಾಜಿಯವರು. ಅವರ ಎರಡು ಮೀನು ಆಗಲೇ ಅಳಿಯನ ಹೊಟ್ಟೆಯಲ್ಲಿದ್ದವು.

"ಈ ಮೀನಿನವ ಜನ ಹೇಗೆ ಮಾಮಿ? ನಮ್ಮ ಮನೆಗೂ ತರ್ಬಹುದಾ?"

ಸುಹರಾ ನೀರು ಬಗ್ಗಿಸುತ್ತಾ ಸ್ವಲ್ಪ ಯೋಚಿಸಿದಳು. "ಜನ ಒಳ್ಳೆಯವ. ಮಾತು ಸ್ವಲ್ಪ ಜಾಸ್ತಿ, ಬೇರೆಯವರು ಹೇಳಿದ್ದು ಕೇಳುದಿಲ್ಲ. ಆದ್ರೆ ಹಾಳು ಮೀನು ಕೊಡುವವ ಅಲ್ಲ. ಕಷ್ಟಪಡ್ತಾನೆ ಪಾಪ."

ಮದುವೆಯಾದ ಮೇಲೆ ಹೆಂಡತಿಯ ಬಾಯಿಂದ ಹಾಜಿಯವರು ಕೇಳಿದ ಮೊದಲ ಸರ್ಟಿಫಿಕೇಟು ಅದು. ಹೆಸರಿಲ್ಲದಿದ್ದರೂ ಅದನ್ನು ಅವರು ಇಡೀ ರಾತ್ರಿ ಮನಸ್ಸಿನಲ್ಲಿಟ್ಟುಕೊಂಡರು.

ಬೆಳಿಗ್ಗೆ ಟಬ್ಬಿನಲ್ಲಿ ಉಳಿದ ಮೀನುಗಳನ್ನು ಬಕೆಟಿಗೆ ಹಾಕಿ ಹೊರಗಿನ ಮೆಟ್ಟಿಲು ಇಳಿದು ಬಂದರೆ, ಬದಿಯ ಕಿಟಕಿಯಿಂದ ಸುಹರಾ ಕೈ ಬೀಸಿದಳು. "ಎದುರಿಂದ ಬರ್ಬೇಡಿ. ಅಳಿಯ ಸಿಟೌಟಲ್ಲಿ ಕೂತಿದ್ದಾನೆ. ಹಿಂದಿಂದ ಬನ್ನಿ."

ಹಾಜಿಯವರು ಲುಂಗಿ ಎತ್ತಿ ಕಟ್ಟಿ, ತಮ್ಮ ದುಡ್ಡಿನಲ್ಲಿ ಕಟ್ಟಿದ ಮನೆಗೆ ಸುತ್ತು ಹಾಕಿ, ಅಡುಗೆಮನೆಯ ಹಿಂದಿನ ಮೆಟ್ಟಿಲ ಕೆಳಗೆ ನಿಂತರು. ಸುಹರಾ ಮೇಲಿನಿಂದ ಬಕೆಟಿಗೆ ಕೈ ಹಾಕಿದಳು, ಒಂದೊಂದರ ಕಿವಿರು ಎತ್ತಿ ನೋಡಿದಳು. ಅಳಿಯನಿಗೆ ಕೇಳಲಿ ಎಂದು ಧ್ವನಿ ಎತ್ತಿದಳು.

"ಇದೆಂತ, ನಿನ್ನೆಯಷ್ಟು ದೊಡ್ಡದು ಇಲ್ಲವಲ್ಲ?"

ಹಾಜಿಯವರಿಗೆ ಏನಾಯಿತೋ, ಬಾಯಿಂದ ಮಾತು ತಾನಾಗಿ ಬಂತು. "ಸಣ್ಣದಾದ್ರೂ ರುಚಿ ಉಂಟು. ಒಮ್ಮೆ ತಿಂದು ನೋಡಿ, ಆಮೇಲೆ ಹೇಳಿ." ಹೆಂಡತಿಗೆ ಅವರು ಬಹುವಚನ ಹಾಕಿದ್ದು ಜೀವಮಾನದಲ್ಲಿ ಅದೇ ಮೊದಲು.

ಒಳಗಿನಿಂದ ಹಿಶಾಮನ ಚಪ್ಪಲಿಯ ಸದ್ದು ಬಂತು. "ಮಾಮೀ, ಅವನೇ ಬಂದನಾ? ನಿಲ್ಲಿಸಿ, ನಂಬರ್ ತೆಗೊಳ್ತೇನೆ."

ಹಾಜಿಯವರು ಬಕೆಟನ್ನು ಅಲ್ಲಿಯೇ ಬಿಟ್ಟು ಸೌದೆಕೊಟ್ಟಿಗೆಯ ಹಿಂದೆ ಓಡಿದರು. ಆ ವಯಸ್ಸಿನಲ್ಲಿ ಅಷ್ಟು ಬೇಗ ಓಡಬಲ್ಲೆನೆಂದು ಅವರಿಗೇ ಗೊತ್ತಿರಲಿಲ್ಲ. ತೆಂಗಿನ ಸಿಪ್ಪೆಯ ರಾಶಿಯ ಮರೆಯಲ್ಲಿ, ಮೊಣಕಾಲು ಹಿಡಿದು ಕುಕ್ಕರಗಾಲಿನಲ್ಲಿ ಕುಳಿತು ಉಸಿರು ಬಿಗಿಹಿಡಿದರು.

"ಹೋದ," ಎಂದಳು ಸುಹರಾ. "ಭಾರೀ ಅವಸರದವ."

"ಛೆ. ಇನ್ನು ಬರ್ತಾನಾ ಮಾಮಿ? ಇಂಥವರೆಲ್ಲ ನಾಲ್ಕು ದಿನ ತಂದು ಆಮೇಲೆ ಕಾಣೆಯಾಗ್ತಾರೆ."

ಬಕೆಟು ಎತ್ತಿದ ಸದ್ದಿನ ಜೊತೆ ಸುಹರಾಳ ಧ್ವನಿ ಬಂತು, ಈ ಸಲ ಅಷ್ಟು ಗಟ್ಟಿಯಾಗಿರಲಿಲ್ಲ.

"ಬರ್ತಾನೆ. ಅವ ಇನ್ನು ಎಲ್ಲಿಗೂ ಹೋಗುದಿಲ್ಲ, ಇಲ್ಲಿಯೇ. ಮುಂದಿನ ಬೇಸಿಗೆಗೆ ಮುಂಚೆ ಅವನಿಗೆ ಒಂದು ಹೊಸ ಬ್ಯಾಟರಿ ತೆಗೆಸಿಕೊಡ್ಬೇಕು."

ಮೀನಿನವನಿಗೆ ಬ್ಯಾಟರಿ ಯಾಕೆಂದು ಹಿಶಾಮನಿಗೆ ಅರ್ಥವಾಗಲಿಲ್ಲ. ಅತ್ತೆಯ ಹತ್ತಿರ ಕೇಳುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲ. ಸಿಪ್ಪೆಯ ರಾಶಿಯ ಹಿಂದೆ ಹಾಜಿಯವರ ಕಣ್ಣು ಒದ್ದೆಯಾಯಿತು. ಅಳಿಯ ಒಳಗೆ ಹೋಗುವುದನ್ನು ಕಾಯುತ್ತಾ, ಕಾಲು ಜೋಮು ಹಿಡಿದರೂ ಏಳದೆ, ಆ ಮನೆಯ ಮೀನಿನವ ಅಲ್ಲಿಯೇ ಕುಳಿತಿದ್ದ.