ಎಮ್ಮಿ ಸಾಲದ ಬಿ.ಎ.

ಇಂಥಾವೆಲ್ಲಾ ನನಗಷ್ಟ ಯಾಕ ಆಗ್ತಾವ ಅಂತ ಕೇಳಿದ್ರ ನಮ್ಮತ್ತಿ ಹೇಳ್ತಾರ, "ಸುಮ್ನ ಕುಂತವರಿಗಿ ಏನಾಗ್ತೈತಿ? ನಿನ್ನ ಕಾಲಿಗಿ ಚಕ್ರ ಐತಿ." ಅದು ಖರೇನ. ಅಂಗನವಾಡ್ಯಾಗ ಮಕ್ಕಳು ಮಕ್ಕೊಂಡ್ರೂ ನಾನು ಕುಂದ್ರಂಗಿಲ್ಲ. ಡಬ್ಬಿ ಎಣಸ್ತೇನಿ, ಚಾಪಿ ಝಾಡಸ್ತೇನಿ, ರಿಜಿಸ್ಟರ್ ತಗದು ಮತ್ತ ಇದ್ದಲ್ಲೇ ಇಡ್ತೇನಿ. ಬಾಗೇವಾಡಿ ಬಾಜೂಕಿನ ಹಳ್ಳ್ಯಾಗ ಹದಿನೆಂಟು ವರ್ಷದಿಂದ ಇದ ನಡದೈತಿ. ಸೂಪರ್‌ವೈಸರ್ ಆಗಬೇಕಂದ್ರ ಡಿಗ್ರಿ ಬೇಕು, ವಯಸ್ಸಿಗೂ ಒಂದು ಗಡಿ ಐತಿ. ನನಗ ನಲವತ್ತೊಂದು. ಬಿ.ಎ. ಮೂರು ವರ್ಷದ್ದು. ಈ ವರ್ಷ ಹೆಸರು ಹಚ್ಚಿದ್ರ ಹಚ್ಚಿದಂಗ, ತಪ್ಪಿದ್ರ ರಿಟೈರ್ ಆಗೂತನಕ ಅದ ಡಬ್ಬಿ ಎಣಸೂದು. ಅದಕ್ಕ ದೂರಶಿಕ್ಷಣಕ್ಕ ಅರ್ಜಿ ಹಾಕಿದೆ.

ಪಾಲಕರನ್ನ ಕರಕೊಂಡು ಬರ್ರಿ

ಕಾಲೇಜಿನ ಕೌಂಟರಿನ್ಯಾಗ ಕುಂತಾವ ನನ್ನ ಮಗನಕಿಂತ ಎರಡು ವರ್ಷ ದೊಡ್ಡಾವ ಇದ್ದಿರಬೇಕು. ಅರ್ಜಿ ತಿರುವ್ಯಾಡಿ, "ಪಾಲಕರ ಸಹಿ ಬಿಟ್ಟೀರಲ್ರಿ ಮೇಡಂ" ಅಂದ.

"ನನಗ ನಾನ ಪಾಲಕಿ ಅದೇನಿ ತಮ್ಮಾ."

"ಹಂಗ ನಡ್ಯಂಗಿಲ್ರಿ. ಆ ಖಾನಿ ತುಂಬಲಿಲ್ಲಂದ್ರ ಕಂಪ್ಯೂಟರ್ ಮುಂದ ಹೋಗಂಗಿಲ್ಲ. ನಿಮ್ಮ ಮನಿಯವರದಾದ್ರೂ ಮಾಡಸ್ರಿ."

ನಮ್ಮ ಮನಿಯವರು ಲಾರಿ ಡ್ರೈವರ್. ಆವತ್ತು ಗುಜರಾತಿನ್ಯಾಗ ಇದ್ರು. ಅರ್ಜಿಗಿ ಕಡೀ ದಿನ ನಾಳೆ. ನನಗ ನಿಂತಲ್ಲಿ ನಿಂದ್ರಾಕ ಆಗಲಿಲ್ಲ, ಕಾಲೇಜಿನ ಪಡಸಾಲಿ ಆ ಕಡೆಯಿಂದ ಈ ಕಡೆ ನಾಕು ಸಲ ಅಡ್ಡ್ಯಾಡಿದೆ. ಮರುದಿನ ಮೊದಲನೇ ಬಸ್ಸಿಗಿ ನಮ್ಮತ್ತಿನ್ನ ಕರಕೊಂಡು ಹೋದೆ.

ಅತ್ತಿಗಿ ಸಹಿ ಮಾಡೂದು ಮಹಿಳಾ ಸಂಘದಾಗ ಕಲಿಸ್ಯಾರ. ಅವರು ಒಂದೊಂದ ಅಕ್ಷರ ಮೂಡಿಸಿ ಮುಗಸೂದರಾಗ ಹಿಂದಿನ ಸಾಲು ಗೇಟಿನತನಕ ಬೆಳದಿತ್ತು. ಪೆನ್ನು ವಾಪಸ್ ಕೊಟ್ಟು ಆ ಹುಡುಗಗ ಕೇಳಿದ್ರು, "ಏನಪಾ, ಇಲ್ಲಿ ಹೊಡೀತೀರೇನು?"

"ಇಲ್ರಿ ಅಮ್ಮಾರ. ಇದು ಕಾಲೇಜು."

"ಬೇಕಾದ್ರ ಹೊಡೀರಿ. ನಾ ಏನೂ ಅನ್ನಂಗಿಲ್ಲ."

ಪುಕ್ಕಟ ಟಿಕೀಟು

ಅರ್ಜಿ ಪಾಸಾತು. ಫೀ ತುಂಬಾಕ ಹದಿನೈದು ದಿನ ಕೊಟ್ರು. ಮಗನ ಐ.ಟಿ.ಐ. ಫೀ ಆಗಷ್ಟ ತುಂಬಿದ್ವಿ, ನನ್ನ ಗೌರವಧನ ಎರಡು ತಿಂಗಳಿಂದ ಬಂದಿದ್ದಿಲ್ಲ. ಹೆಣ್ಣಮಕ್ಕಳಿಗಿ ಇಂಥಾ ಹೊತ್ತಿನ್ಯಾಗ ನೆನಪಾಗೂದು ತವರುಮನಿ. ಇಂಡಿ ಕಡೆ ನಮ್ಮಣ್ಣಂದು ಲಿಂಬಿ ತ್ವಾಟ ಐತಿ. ಹೋಗಿ ಕೇಳಿದೆ.

ಅಣ್ಣ ತಲಿ ಕೆರಕೊಂಡ. "ತಂಗೀ, ಕೈಯಾಗ ರೊಕ್ಕಿಲ್ಲ. ಲಿಂಬಿಹಣ್ಣು ಒಯ್ಯಿ. ರೇಟು ಛಲೋ ಐತಿ. ಸಿಂದಗ್ಯಾಗ ಇವತ್ತ ಸಂತಿ, ಮಾರಿ ಮುಂದಿನ ಬಸ್ ಹಿಡಿ. ನಿನ್ನ ಫೀ ಅಲ್ಲೇ ಬರ್ತೈತಿ."

ಎರಡು ಚೀಲ ತುಂಬಿ ಬಸ್ಸಿಗಿ ಏರಿಸಿದ. ಕಂಡಕ್ಟರ್ ಬಂದ, ನನ್ನ ಆಧಾರ್ ಕಾರ್ಡ್ ನೋಡಿದ, ಸೊನ್ನಿ ಟಿಕೀಟು ಹರದು ಕೊಟ್ಟ. ಆಮ್ಯಾಲ ಚೀಲಾ ನೋಡಿದ.

"ಅಕ್ಕಾರ, ಇದಕ್ಕ ಲಗೇಜ್ ಆಗ್ತೈತಿ."

"ಸರ್ಕಾರ ನಮಗ ಪುಕ್ಕಟ ಮಾಡೈತಲ್ರಿ?"

"ನಿಮಗ ಮಾಡೈತ್ರಿ. ಲಿಂಬಿಹಣ್ಣು ಆಧಾರ್ ಕಾರ್ಡ್ ತೋರಸ್ಲಿ, ಅದಕ್ಕೂ ಕೊಡ್ತೇನಿ."

ಲಗೇಜ್ ಕೊಟ್ಟೆ. ಸಿಂದಗ್ಯಾಗ ಇಳದು ನೋಡಿದ್ರ, ನಮ್ಮಣ್ಣನಂಥಾ ಬುದ್ಧಿವಂತರು ಇನ್ನೂ ಭಾಳ ಮಂದಿ ಇದ್ರು. ಸಂತಿ ತುಂಬ ಲಿಂಬಿಹಣ್ಣು. ರೇಟು ನೆಲಾ ಕಚ್ಚಿತ್ತು. ಅರ್ಧ ಚೀಲ ಮಾರೂದರಾಗ ನಾನು ಹತ್ತು ಸಲ ಎದ್ದು ಬಸ್ ಬಂತೇನಂತ ನೋಡಿ ಬಂದಿದ್ದೆ. ಬಾಜೂಕ ಕುಂತ ಮುದುಕಿ, "ನೀ ಹಿಂಗ ಎದ್ದೆದ್ದು ಓಡಿದ್ರ ಗಿರಾಕಿ ನಿನ್ನ ಕಳ್ಳಿ ಅಂತಾರ" ಅಂದ್ಳು. ಉಳದದ್ದು ಮತ್ತ ಲಗೇಜ್ ಕೊಟ್ಟು ಮನಿಗಿ ತಂದೆ. ಆ ವಾರ ನಮ್ಮ ಓಣ್ಯಾಗ ಎಲ್ಲಾರ ಮನ್ಯಾಗೂ ಉಪ್ಪಿನಕಾಯಿ ಆತು. ಫೀ ಅಷ್ಟ ಆಗಲಿಲ್ಲ.

ಐದನೇ ಸಾಲ

ಫೀ ತುಂಬಾಕ ಮೂರು ದಿನ ಉಳದಿತ್ತು. ಮಹಿಳಾ ಸಂಘದ ಅಧ್ಯಕ್ಷರ ಮನಿಗಿ ಹೋಗಿ ಸಾಲ ಕೇಳಿದೆ. ನಾನೂ ನಮ್ಮತ್ತಿನೂ ಇಬ್ಬರೂ ಆ ಸಂಘದಾಗ ಅದೇವಿ. ಅವರು ಫಾರ್ಮ್ ತಗದ್ರು. ಉದ್ದೇಶ ಅಂತ ಒಂದು ಖಾನಿ ಇತ್ತು. ಎಮ್ಮಿ, ಹೊಲಿಗಿ ಮಷೀನು, ಕಿರಾಣಿ ಅಂಗಡಿ, ಮಕ್ಕಳ ಶಿಕ್ಷಣ.

"ನನ್ನ ಶಿಕ್ಷಣ ಅಂತ ಇಲ್ಲೇನ್ರಿ ಅಕ್ಕಾರ?"

"ಇಲ್ಲವಾ. ಎಮ್ಮಿ ಅಂತ ಬರಿ. ಎಮ್ಮಿಗಿ ಯಾರೂ ಏನೂ ಕೇಳಂಗಿಲ್ಲ."

ಬರದೆ. ರೊಕ್ಕ ಬಂತು, ಕಡೀ ದಿನ ಓಡಿ ಹೋಗಿ ಫೀ ತುಂಬಿದೆ. ಜೀವ ತಣ್ಣಗಾತು. ವಾರ ಆಗಿದ್ದಿಲ್ಲ, ಅಧ್ಯಕ್ಷರು ಬಂದು, "ನಾಳೆ ಬ್ಯಾಂಕಿನಿಂದ ಸಾಲದ ಸಾಹೇಬ ಬರ್ತಾನಂತ. ನಿನ್ನ ಎಮ್ಮಿ ಫೋಟೋ ಬೇಕಂತ. ಎಮ್ಮಿ ಇಲ್ಲಂದ್ರ ರೊಕ್ಕ ಪೂರಾ ವಾಪಸ್" ಅಂದ್ರು. ರೊಕ್ಕ ಕಾಲೇಜಿನ್ಯಾಗ ಇತ್ತು. ವಾಪಸ್ ತರಬೇಕಂದ್ರ ಹೆಸರು ತಗಸಬೇಕು.

ಬಾಜೂಮನಿ ಕಾಕಾನ ಎಮ್ಮಿ ಕೇಳಿದೆ. ಮುದ್ದೇಬಿಹಾಳ ಸಂತ್ಯಾಗ ತಂದಿದ್ದ ಎಮ್ಮಿ ಅದು, ಎಡಗಿವಿ ಅರ್ಧ ಹರದೈತಿ. ಕಾಕಾ ಯಾಕ ಏನು ಅಂತ ಒಂದು ಮಾತು ಕೇಳಲಿಲ್ಲ, ಹಗ್ಗ ಕೈಯಾಗ ಕೊಟ್ಟ. ಆವಾಗ ನನಗ ಸಂಶೇ ಬರಬೇಕಿತ್ತು.

ಸಾಹೇಬ ಬಂದ. ಮೊಬೈಲ್ ಎತ್ತಿದ, ಎಮ್ಮಿ ನೋಡಿದ, ಮೊಬೈಲ್ ಇಳಿಸಿದ.

"ಅಕ್ಕಾರ, ಈ ಕಿವಿ ನನಗ ಗುರ್ತೈತ್ರಿ."

ಮೊಬೈಲಿನ್ಯಾಗ ಹಿಂದಿನ ಫೋಟೋ ಸರಿಸಿ ತೋರಿಸಿದ. ಅದ ಎಮ್ಮಿ ಮೂಲಿಮನ್ಯಾಕಿ ಜೋಡಿ ನಿಂತಿತ್ತು. ಗಿರಣಿಯಾಕಿ ಜೋಡಿ ನಿಂತಿತ್ತು. ಇನ್ನೊಂದರಾಗ ಟೇಲರ್ ಅಕ್ಕನ ಜೋಡಿ. ನಾಕನೇದರಾಗ ಸ್ವತಃ ಸಂಘದ ಅಧ್ಯಕ್ಷರು ಅದರ ಕೊಳ್ಳಿನ ಮ್ಯಾಲ ಕೈ ಇಟ್ಟು ನಕ್ಕೋತ ನಿಂತಿದ್ರು.

"ಈ ಎಮ್ಮಿ ನಮ್ಮ ಕಡೆ ಇದು ಐದನೇ ಸಾಲ ತಗೊಳ್ಳಾಕತ್ತೈತ್ರಿ" ಅಂದ.

ಮೂರು ವರ್ಷದ ಬಿ.ಎ. ಒಂದು ವಾರದಾಗ ಮುಗೀತು ಅನಿಸ್ತು. ಕಣ್ಣಾಗ ನೀರು ಬಂತು. ಕಟ್ಟಿ ಮ್ಯಾಲ ಕುಂತಿದ್ದ ನಮ್ಮತ್ತಿ ಎದ್ದು ಒಳಗ ಹೋಗಿ ಫೀ ತುಂಬಿದ ಪಾವತಿ ಚೀಟಿ ತಂದು ಅವನ ಕೈಯಾಗ ಇಟ್ರು.

"ಇದಕ್ಕ ತಗೊಂಡಾಳಪಾ. ತಿನ್ನಾಕಲ್ಲ, ಉಡಾಕಲ್ಲ. ನಾನೂ ಸಂಘದಾಗ ಅದೇನಿ. ಈ ಸಾಲ ನನ್ನ ಹೆಸರಿಗಿ ಬದಲ ಮಾಡಿ ಮಕ್ಕಳ ಶಿಕ್ಷಣ ಅಂತ ಬರಕೊ. ಇಕಿ ಪಾಲಕಿ ನಾನ. ಬೇಕಾದ್ರ ಕಾಲೇಜಿನ್ಯಾಗ ಕೇಳು, ಅಲ್ಲೂ ನನ್ನದ ಸಹಿ ಐತಿ."

ಸಾಹೇಬ ಪಾವತಿ ನೋಡಿದ, ಎಮ್ಮಿ ನೋಡಿದ, ನನ್ನ ನೋಡಿದ. ಆಮ್ಯಾಲ ಕಟ್ಟಿ ಮ್ಯಾಲ ಕುಂತು ಹೊಸಾ ಫಾರ್ಮ್ ತಗದ.

"ಮಗುವಿನ ವಯಸ್ಸು?"

"ನಲವತ್ತೊಂದು" ಅಂದ್ರು ಅತ್ತಿ.

ತಲಿ ಎತ್ತಲಿಲ್ಲ, ಬರಕೊಂಡ.

"ಮಗು ಓದಿನ್ಯಾಗ ಹೆಂಗ ಐತ್ರಿ?"

ಅತ್ತಿ ನನ್ನ ಕಡೆ ನೋಡಿದ್ರು. ನಾನು ಎಮ್ಮಿ ಹಗ್ಗ ಹಿಡಕೊಂಡು ಅಂಗಳದಾಗ ಆ ಕಡೆಯಿಂದ ಈ ಕಡೆ ಅಡ್ಡ್ಯಾಡಾಕತ್ತಿದ್ದೆ. ಪಾಪ, ಎಮ್ಮಿನೂ ನನ್ನ ಹಿಂದ ಅಡ್ಡ್ಯಾಡಾಕತ್ತಿತ್ತು.

"ಶಾಣ್ಯಾಕಿ ಅದಾಳಪಾ" ಅಂದ್ರು ಅತ್ತಿ. "ಕುಂತಲ್ಲಿ ಕುಂದ್ರಂಗಿಲ್ಲ, ಅದೊಂದ ಐತಿ ನೋಡು. ದೊಡ್ಡಾಕಿ ಆದಂಗ ಸರಿ ಹೋಗ್ತಾಳ."