ನಡುಹೊಳೆಯಲ್ಲಿ ಪಾಸಾದ ಠರಾವು

ನಮ್ಮ ಅತ್ತಿ ಸರಕಾರವನ್ನು ಬೈದಷ್ಟು ತನ್ನ ಗಂಡನನ್ನೂ ಬೈದವಳಲ್ಲ. ಇದೇನು ಸಣ್ಣ ಮಾತಲ್ಲ! ನಮ್ಮ ಮಾಮಾ ಎರಡು ಹೊತ್ತೂ ರೊಟ್ಟಿಯ ಜೊತೆ ಬೈಗುಳವನ್ನೂ ತಿಂದೇ ಗಟ್ಟಿಯಾದ ಮನುಷ್ಯ. ಆದರೆ ಕಂಬದ ದೀಪ ಹತ್ತದಿದ್ದಾಗ, ನಳದಲ್ಲಿ ನೀರು ಬಾರದಿದ್ದಾಗ, ದನದ ದವಾಖಾನೆಗೆ ಬೀಗ ಬಿದ್ದಾಗ ಅತ್ತಿ ಸರಕಾರದ ಮೇಲೆ ಹರಿಹಾಯುತ್ತಿದ್ದ ರೀತಿ ನೋಡಿದವರಿಗೆ, ಮಾಮಾನ ಪಾಲಿಗೆ ಬಂದದ್ದು ಬರೀ ಮುದ್ದು ಎನಿಸುತ್ತಿತ್ತು.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಊರಲ್ಲೇ ಕೊಟ್ಟಿದ್ದರು, ತವರಿಗೂ ಗಂಡನ ಮನೆಗೂ ನಡುವೆ ನಾಲ್ಕೇ ಮನೆ. ನಮ್ಮೂರು ರಾಯಬಾಗ ತಾಲ್ಲೂಕಿನದು, ಕೃಷ್ಣೆಯ ದಂಡೆಗೆ ಅಂಟಿಕೊಂಡದ್ದು. ಹೊಳೆ ದಾಟಿದರೆ ಅಥಣಿ ತಾಲ್ಲೂಕು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾಲ್ಕಾರು ಊರು ಕೂಡಿಸಿ ಮಂಡಲ ಪಂಚಾಯತಿ ಮಾಡಿದರು. ಕಚೇರಿ ನಮ್ಮೂರಿಗೆ ಬಂತು. ಹೆಂಗಸರಿಗೂ ಕೆಲವು ಸೀಟು ಇಟ್ಟಿದ್ದರು. ಊರ ಹಿರಿಯರು ಯೋಚನೆ ಮಾಡಿ ಮಾಡಿ ಅತ್ತಿಯನ್ನು ಎಲೆಕ್ಷನ್ನಿಗೆ ನಿಲ್ಲಿಸಿ ಗೆಲ್ಲಿಸಿದರು. "ಆಕಿ ಹೆಂಗೂ ಬೈತಿರತಾಳ, ಒಳಗ ಕುಂತ ಬೈಲಿ" ಎಂದು ಒಬ್ಬರು. "ಮೀಟಿಂಗಿಗೆ ಆಕಿ ಗಂಡ ಬರತಾನ, ಆಕಿದೇನ ಬರೇ ಸಹಿ" ಎಂದು ಇನ್ನೊಬ್ಬರು. ಎಂಥ ಜಾಣರು ನೋಡಿ!

ಮೊದಲ ಮೀಟಿಂಗಿನ ದಿನ ಮಾಮಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪಗಿ ಇಟ್ಟುಕೊಂಡು, ಕನ್ನಡಿಯ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿಗ ಸವಾರಿ?"

"ಮೀಟಿಂಗಿಗೆ."

"ಎಲೆಕ್ಷನ್ನಿಗೆ ನಿಂತಾಕಿ ನಾ. ಖುರ್ಚಿ ಮ್ಯಾಲ ಕುಂದ್ರಾಕಿನೂ ನಾನ."

ಅಷ್ಟಕ್ಕೇ ಮಾಮಾನ ರಾಜಕೀಯ ಜೀವನ ಮುಗಿಯಿತು! ಆದರೂ ಅಷ್ಟು ಚೆಂದ ಉಟ್ಟ ಧೋತರ ವ್ಯರ್ಥವಾಗಬಾರದೆಂದು ಅವಳ ಜೊತೆ ಹೋದ. ಪಂಚಾಯತಿಯ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು, ಐದು ವರ್ಷ ಅವಳ ಚಪ್ಪಲಿ ಕಾಯ್ದ. ಹಾಗೆ ಕಾಯ್ದದ್ದನ್ನು ಬೀಗರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಎನ್ನುವುದು ಬೇರೆ ಮಾತು.

ಅತ್ತಿಗೆ ಒಂದು ಚಟವಿತ್ತು. ಕಣ್ಣಾರೆ ನೋಡದೆ ಸಹಿ ಮಾಡುತ್ತಿರಲಿಲ್ಲ. ಮೇಲಿನ ಓಣಿಗೆ ಹೊಸ ಗಟಾರ ಆಗಿದೆ, ಕೆಲಸ ಪಕ್ಕಾ ಇದೆ ಎಂಬ ಕಾಗದ ಬಂತು. ಅತ್ತಿ ಪೆನ್ನು ಮುಟ್ಟಲಿಲ್ಲ. ಒಂದು ಕೊಡ ನೀರು ಹೊತ್ತುಕೊಂಡು ಓಣಿಯ ಮೇಲ್ತುದಿಗೆ ನಡೆದಳು. ಹಿಂದೆ ಓವರ್ಸೀಯರು, ಗುತ್ತಿಗೆದಾರ, ಅವರ ಹಿಂದೆ ಅರ್ಧ ಊರು. ಅತ್ತಿ ನೀರು ಸುರಿದಳು. ನೀರು ಸ್ವಲ್ಪ ದೂರ ಹೋಯಿತು, ನಿಂತಿತು, ಯಾಕೋ ಮನಸ್ಸು ಬದಲಿಸಿದಂತೆ ತಿರುಗಿ ಬಂದು ಓವರ್ಸೀಯರ ಹೊಸ ಬೂಟು ತೋಯಿಸಿತು!

"ಎಲ್ಲಾ ಅಳತಿ ಪ್ರಕಾರ ಆಗೇತ್ರಿ ಅಕ್ಕಾರ, ಕಾಗದದಾಗ ನೋಡ್ರಿ" ಎಂದರು ಅವರು, ಕಾಲು ಝಾಡಿಸುತ್ತ.

"ನೀರಿಗೆ ನಿಮ್ಮ ಕಾಗದ ಓದಾಕ ಬರಂಗಿಲ್ಲರಿ ಸಾಹೇಬ್ರ" ಎಂದಳು ಅತ್ತಿ.

ಗಟಾರ ಕಿತ್ತು ಮತ್ತೆ ಕಟ್ಟಿದರು. ಅಂದಿನಿಂದ ನಮ್ಮ ಮಂಡಲದಲ್ಲಿ ಯಾವ ಕೆಲಸ ಮುಗಿದರೂ ಗುತ್ತಿಗೆದಾರರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಕ್ಕಾರು ಕೊಡ ತಗೊಂಡ ಬರತಾರೇನ್ರಿ?"

ಇಷ್ಟೆಲ್ಲ ಆದರೂ ನಾನು ನಿಜವಾಗಿ ಹೇಳಬೇಕೆಂದಿರುವುದು ನಾವೆಯ ಕತೆ. ನಮ್ಮೂರಲ್ಲಿ ಶಾಲೆ ಏಳನೇ ಇಯತ್ತೆಯವರೆಗೆ ಮಾತ್ರ. ಹೈಸ್ಕೂಲು ಆಚೆ ದಂಡೆಗೆ. ದಾಟಿಸಲು ಒಂದೇ ಒಂದು ಹಳೆಯ ನಾವೆ, ಅದನ್ನು ನಡೆಸುವ ಅಂಬಿಗರ ಬಾಳಪ್ಪಜ್ಜ. ನಾವೆಗೆ ಎಷ್ಟು ವಯಸ್ಸೆಂದು ಅಜ್ಜನಿಗೂ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈಯಲ್ಲಿ ನೀರು ಚೆಲ್ಲುವ ಡಬ್ಬಿ. ಹುಡುಗರನ್ನು ಅದರಲ್ಲಿ ಕಳಿಸುತ್ತಿದ್ದರು. ಹುಡುಗಿಯರ ಓದು ಏಳಕ್ಕೇ ಮುಗಿಯುತ್ತಿತ್ತು. ಆ ವರ್ಷ ನಾನು ಏಳನೇ ಇಯತ್ತೆಯಲ್ಲಿದ್ದೆ. "ಆ ತೂತು ನಾವ್ಯಾಗ ಹೆಣ್ಣಹುಡುಗಿನ್ನ ಹೆಂಗ ಕಳಸೂದು?" ಎಂದು ಅಪ್ಪ ಹೇಳಿಬಿಟ್ಟಿದ್ದ. ಅವ್ವ ಆಗಲೇ ನನಗೆ ಕಸೂತಿ ಕಲಿಸಲು ಸುರು ಮಾಡಿದ್ದಳು. ನನ್ನ ಕಸೂತಿ ನೋಡಿದ್ದರೆ ನಿಮಗೂ ಅಳು ಬರುತ್ತಿತ್ತು.

ಅದೇ ವರ್ಷ ಮಂಡಲಕ್ಕೆ ಒಂದೇ ಒಂದು ದೊಡ್ಡ ಕೆಲಸ ಮಾಡಬಹುದಾದಷ್ಟು ಅನುದಾನ ಬಂತು. ಮಂಡಲದ ಮುಖ್ಯಸ್ಥರಾದ ಪ್ರಧಾನರು ಹೊಳೆಯಿಂದ ದೂರದ ಊರಿನವರು, ಕಬ್ಬಿನ ದೊಡ್ಡ ರೈತರು, ಕೆಟ್ಟವರೇನಲ್ಲ. ಆದರೆ ನಿಪ್ಪಾಣಿಯ ಕಡೆ ಬೀಗರ ಊರಲ್ಲಿ ಒಂದು ಕಮಾನು ನೋಡಿ ಬಂದಿದ್ದರು. ಅಂದಿನಿಂದ ಅವರಿಗೆ ನಿದ್ದೆಯಿಲ್ಲ!

"ಪಂಚಾಯತಿ ದಾರಿಗೆ ಒಂದು ಕಮಾನು ಆಗಬೇಕ್ರಿ. ಎರಡೂ ಕಡೆ ಸಿಂಹ. ಊರಿಗೆ ಶೋಭಾ ಬೇಕಲ್ಲ?"

"ಮಳಿಗಾಲದಾಗ ನಮಗ ಮುಂದ ಹಳ್ಳ, ಹಿಂದ ಹೊಳಿ" ಎಂದಳು ಅತ್ತಿ. "ನಿಮ್ಮ ಕಮಾನಿನ್ಯಾಗ ಹಾದು ಬರಾವರು ಯಾರ್ರಿ, ಮೊಸಳ್ಯಾ?"

ಎಲ್ಲರೂ ನಕ್ಕರು. ನಕ್ಕು, ಕಮಾನಿಗೇ ಕೈ ಎತ್ತುವವರಿದ್ದರು. ಅತ್ತಿಗೆ ಅದು ತಿಳಿಯಿತು. ದನಿ ಇಳಿಸಿದಳು. ಅವಳು ದನಿ ಇಳಿಸಿದರೆ ಮಾಮಾ ಓಡಿಹೋಗುತ್ತಿದ್ದ. ಈ ಬಡಪಾಯಿಗಳಿಗೆ ಆ ಅನುಭವವಿರಲಿಲ್ಲ.

"ಆತ್ರಿ, ಕಮಾನ ಆಗಲಿ. ಖರೆ, ಠರಾವು ಬರಿಯೂದು ಮುಂದಿನ ವಾರ ಇಡ್ರಿ. ಆಚಿ ದಂಡಿಗೆ ನಮ್ಮ ಬೀಗರ ತ್ವಾಟ ಐತಿ. ಅಲ್ಲೇ ಮೀಟಿಂಗ್ ಮಾಡೂಣು. ಎಲ್ಲಾರಿಗೂ ಹೋಳಿಗಿ ಊಟ ನಂದು."

ಹೋಳಿಗೆ ಎಂದರೆ ಯಾವ ಸದಸ್ಯ ಬೇಡ ಎಂದಾನು?

ದಸರೆ ಕಳೆದ ಸಮಯ. ಪ್ರಧಾನರು, ಸೆಕ್ರೆಟರಿ, ಸದಸ್ಯರು, ಎಲ್ಲ ಬಿಳಿ ಬಟ್ಟೆಯಲ್ಲಿ ನಾವೆ ಹತ್ತಿದರು. ಹೆಚ್ಚಿನವರು ಎರೆಭೂಮಿಯ ಊರಿನವರು, ಹೊಳೆಯನ್ನು ಹತ್ತಿರದಿಂದ ಕಂಡವರಲ್ಲ. ಊರಿಗೆ ಊರೇ ದಂಡೆಯ ಮೇಲೆ ನಿಂತಿತ್ತು, ನಾನೂ ನಿಂತಿದ್ದೆ. ನಾವೆಯೊಳಗಿನ ಮಾತು ಮಾತ್ರ ಬಾಳಪ್ಪಜ್ಜ ಆಮೇಲೆ ಎಷ್ಟೋ ವರ್ಷ ಹೇಳಿ ಹೇಳಿ ನಗಿಸಿದ್ದು.

ನಡುಹೊಳೆಗೆ ಬಂದಾಗ ಪ್ರಧಾನರ ಧೋತರದ ಅಂಚು ತಣ್ಣಗಾಯಿತು. ನೋಡಿದರೆ ಒಳಗೆ ನೀರು! ಡಬ್ಬಿ ಎಲ್ಲಿ? ಅತ್ತಿಯ ಮಡಿಲಲ್ಲಿ.

"ಆಯಿ ಗಂ! ಮೇಲೋ!" ಎಂದು ಚೀರಿದ ಸೆಕ್ರೆಟರಿ, ಠರಾವಿನ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು. ಕಚೇರಿಯಲ್ಲಿ ಅಚ್ಚ ಕನ್ನಡದವ. ಜೀವದ ಮೇಲೆ ಬಂದು 'ಅವ್ವಾ, ಸತ್ತೆ' ಎನ್ನುವಾಗ ಮಾತ್ರ ಅವನಿಗೆ ಮರಾಠಿ ಬರುತ್ತಿತ್ತು.

"ಅಕ್ಕಾರ, ನೀರ ಹೊರಗ ಚೆಲ್ಲರಿ ಮೊದಲ!" ಎಂದರು ಪ್ರಧಾನರು.

"ಚೆಲ್ಲೂಣಂತ. ಮೀಟಿಂಗ್ ಸುರು ಮಾಡ್ರಿ. ಕಮಾನು ಬೇಕನ್ನಾವರು ಕೈ ಎತ್ರಿ."

ಯಾರು ಎತ್ತುತ್ತಾರೆ? ಎಲ್ಲರ ಎರಡೂ ಕೈ ನಾವೆಯ ಅಂಚನ್ನು ಹಿಡಿದುಕೊಂಡಿದ್ದವು!

"ಒಬ್ಬರೂ ಇಲ್ಲ, ಬರಕೋರಿ ಸೆಕ್ರೆಟ್ರಿ. ಹೊಸಾ ನಾವಿ ಬೇಕನ್ನಾವರು?"

ಪ್ರಧಾನರು ಎರಡೂ ಕೈ ಎತ್ತಿದರು. ದಂಡೆಯ ಮೇಲಿದ್ದ ನಮಗೂ ಕಂಡಿತು.

ಆಗ ಬಾಳಪ್ಪಜ್ಜ ಹುಟ್ಟನ್ನು ಕೆಳಗಿಟ್ಟು, ಸಾವಕಾಶ ಕೆಳಗಿಳಿದು ನಿಂತ. ನೀರು ಅವನ ಮೊಣಕಾಲನ್ನೂ ಮುಟ್ಟಲಿಲ್ಲ! ಅತ್ತಿ ಮೊದಲೇ ಹೇಳಿಟ್ಟಂತೆ ನಾವೆಯನ್ನು ಉಸುಕಿನ ದಿಬ್ಬದ ಮೇಲೆ ಏರಿಸಿ ನಿಲ್ಲಿಸಿದ್ದ.

ಪ್ರಧಾನರ ಮುಖ ಕೆಂಪಾಯಿತು. ಅತ್ತಿ ಡಬ್ಬಿಯನ್ನು ಅವರ ಕೈಗೆ ಕೊಟ್ಟು ಹೇಳಿದಳು: "ಇವತ್ತ ಮೊಣಕಾಲ ನೀರ ಐತ್ರಿ ಅಣ್ಣಾರ. ಜೂನದಾಗ ಶಾಲಿ ಸುರು ಆಗೂ ಹೊತ್ತಿಗೆ ಆನಿ ಮುಳಗತೈತಿ. ಆಗ ಇದರಾಗ ಕುಂದ್ರಾವರು ಊರ ಹುಡುಗ್ರು."

ಪ್ರಧಾನರು ತಲೆ ತಗ್ಗಿಸಿ ಡಬ್ಬಿಯಲ್ಲಿ ನೀರು ಚೆಲ್ಲತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, "ಬರಕೊಳ್ಳೋ, ನಾವಿ ಅಂತ ಬರಕೊ" ಎಂದರು ಸೆಕ್ರೆಟರಿಗೆ. ಆಮೇಲೆ ತೋಟದಲ್ಲಿ ಆರು ಹೋಳಿಗೆ ತಿಂದರಂತೆ. ನಾನು ಇವತ್ತಿಗೂ ಆ ಮನುಷ್ಯನಿಗೆ ಕೈ ಮುಗಿಯುತ್ತೇನೆ. ದಂಡೆಗೆ ಬಂದ ಮೇಲೆ ಮಾತು ತಿರುಗಿಸಬಹುದಿತ್ತು, ತಿರುಗಿಸಲಿಲ್ಲ.

ಇನ್ನು ಮೇಲಿನವರ ಮಂಜೂರಿ. ಅತ್ತಿ ಬಸ್ಸು ಹತ್ತಿ ದೊಡ್ಡ ಇಂಜಿನಿಯರರ ಮುಂದೆ ನಿಂತಳು. ಕಾಮಗಾರಿಯ ಯಾದಿಯಲ್ಲಿ ನಾವೆ ಎಂಬುದೇ ಇಲ್ಲ, ರಸ್ತೆ ಇದೆ ಎಂದರು ಅವರು.

"ನಮ್ಮೂರ ರಸ್ತೆ ನೀರಿನ ಮ್ಯಾಲ ಐತ್ರಿ ಸಾಹೇಬ್ರ. ಖಡಿ ಹಾಕಿದ್ರ ಮುಳಗತೈತಿ, ಅದಕ್ಕ ಕಟಗಿ ಹಾಕ್ರಿ ಅನ್ನಾಕತ್ತೀನಿ."

"ಆದರೂ ಆಚೆ ದಂಡೆ ನಮ್ಮ ತಾಲ್ಲೂಕಲ್ಲಮ್ಮಾ."

"ಹಂಗಾರ ಹುಡುಗ್ರನ್ನ ನಡುಹೊಳ್ಯಾಗ ಇಳಿಸೂಣೇನ್ರಿ?"

ಸಾಹೇಬರು ಪೆನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಕ್ಕ ಅಧಿಕಾರಿ ಅರ್ಧ ಸಹಿ ಮಾಡಿದ ಹಾಗೆ ಎನ್ನುವುದು ಅತ್ತಿಯ ಸಿದ್ಧಾಂತ. ಉಳಿದರ್ಧಕ್ಕೆ ಅವಳು ಮತ್ತೆ ಏಳು ಸಲ ಬಸ್ಸು ಹತ್ತಿದಳು. ಚಪ್ಪಲಿ ಕಾಯಲು ಮಾಮಾ ಜೊತೆಗಿದ್ದೇ ಇದ್ದ.

ಬೇಸಿಗೆಯಲ್ಲಿ ಸಾಗವಾನಿಯ ಹೊಸ ನಾವೆ ಬಂತು. ಜೂನಿನಲ್ಲಿ ಶಾಲೆ ಸುರುವಾದ ದಿನ ಹೊಳೆಗೆ ಕೆಂಪು ನೀರು ಬಂದಿತ್ತು. ನಾವು ಐದು ಹುಡುಗಿಯರು ಹತ್ತಿದೆವು, ನಮ್ಮೂರಿನಿಂದ ಹೈಸ್ಕೂಲಿಗೆ ಹೊರಟ ಮೊದಲ ಹುಡುಗಿಯರು. ಅಷ್ಟರಲ್ಲಿ ಅತ್ತಿ ಇಳಕಲ್ ಸೀರೆಯುಟ್ಟು ಬಂದು ನನ್ನ ಪಕ್ಕ ಕುಳಿತಳು.

"ಅಕ್ಕಾ, ನೀ ಎಲ್ಲಿಗ?" ಎಂದ ಅಪ್ಪ, ದಂಡೆಯಿಂದ.

"ತಪಾಸಣಿಗೆ."

ನಾವೆಯ ತಪಾಸಣೆ ಇರಬೇಕು ಎಂದುಕೊಂಡೆ. ಆದರೆ ಆಚೆ ದಂಡೆಗೆ ಇಳಿದ ಮೇಲೂ ಅವಳು ನಮ್ಮ ಜೊತೆಗೇ ನಡೆದಳು. ಶಾಲೆಯ ಗೇಟು ದಾಟಿದಳು. ಎಂಟನೇ ಇಯತ್ತೆಯ ಕೋಣೆಗೂ ಬಂದಳು! ಮಾಸ್ತರರು ಗಾಬರಿಯಾಗಿ ಎದ್ದು ನಿಂತರು. "ಪಂಚಾಯತಿ ಸದಸ್ಯೆ ಅದೀನ್ರಿ, ನೀವು ನಡಸ್ರಿ" ಎಂದು ಹೇಳಿ ಹಿಂದಿನ ಬೆಂಚಿನ ಕಡೆ ಬಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸರಿದು ಜಾಗ ಕೊಟ್ಟೆ.

ಕನ್ನಡ ಪಾಠ ಸುರುವಾಯಿತು. ಅತ್ತಿ ನನ್ನ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಸಾಲಿನ ಕೆಳಗೆ ಬೆರಳಿಟ್ಟಳು. ತುಟಿ ಅಲ್ಲಾಡುತ್ತಿತ್ತು.

"ನಾಕನೇ ಇಯತ್ತೆದಾಗ ನಂದ ಪಹಿಲಾ ನಂಬರ" ಎಂದಳು ಪಿಸುದನಿಯಲ್ಲಿ, ಪುಸ್ತಕದಿಂದ ಕಣ್ಣೆತ್ತದೆ. "ಆಗ ಐದನೇದು ಹೊಳಿ ಆಚಿಗಿತ್ತು. ನಮ್ಮಪ್ಪ, ನಿಮ್ಮ ಮುತ್ಯಾ, ಕಳಸಲಿಲ್ಲ."

ಗಂಟೆ ಹೊಡೆಯಿತು. ಮಾಸ್ತರರು ಪುಸ್ತಕ ಮುಚ್ಚಿ ಬಾಗಿಲ ಕಡೆ ನಡೆದರು. ಹುಡುಗರೆಲ್ಲ ಎದ್ದರು. ಅತ್ತಿ ಏಳಲಿಲ್ಲ.

"ಅತ್ತಿ, ಗಂಟಿ ಆತು."

"ನಿಂದರ ಬೇ, ಇನ್ನ ಎರಡ ಸಾಲ ಅದಾವ."

ಬಾಗಿಲಲ್ಲಿದ್ದ ಮಾಸ್ತರರಿಗೆ ಅದು ಕೇಳಿಸಿತು. ತಿರುಗಿ ಬಂದು ಪುಸ್ತಕ ತೆರೆದು, ಆ ಎರಡು ಸಾಲನ್ನು ಸಾವಕಾಶ, ಬೆರಳು ಹಿಂದೆ ಬೀಳದ ಹಾಗೆ ಓದಿದರು.